ಬೀಗ ಬಿದ್ದ ಹೊತ್ತು

"ಇದ್ದದ್ದನ್ನ ಇದ್ದ ಹಾಗೆ ಹೇಳ್ತೀನಿ ಅಕ್ಕ, ನಿಮ್ಮ ಹತ್ರ ಏನನ್ನೂ ಮುಚ್ಚಿಡಲ್ಲ" ಎಂದು ವಸುಧಾ ಜಯದೇವಿಗೆ ಮಾತು ಕೊಟ್ಟದ್ದು ಮಿಶಿಗನ್ನಿನ ಫಾರ್ಮಿಂಗ್ಟನ್ ಹಿಲ್ಸ್‌ನ ಮಕ್ಕಳ ಕ್ಲಿನಿಕ್ಕಿನಲ್ಲಿ, ಮಗಳು ಮೇಧಾ ಇನ್ನೂ ಎರಡನೇ ತರಗತಿಯಲ್ಲಿದ್ದಾಗ.

ಆ ಚಳಿಗಾಲದಲ್ಲಿ ಮೇಧಾ ನೀರು ಕುಡಿದೂ ಕುಡಿದೂ ಸೊರಗಿಹೋಗಿದ್ದಳು. ಬೇರೆ ಕಡೆ ತೋರಿಸಿದರೆ ಏನೋ ವೈರಲ್ ಇರಬೇಕೆಂದು ಮಾತ್ರೆ ಕೊಟ್ಟು ಕಳಿಸಿದ್ದರು. ಡಾಕ್ಟರ್ ರೇವಣಪ್ಪನವರು ಬೆರಳ ತುದಿಯ ಒಂದು ಹನಿ ರಕ್ತ ನೋಡಿದವರೇ ಕುರ್ಚಿ ಎಳೆದುಕೊಂಡು ತಾಯಿಯ ಎದುರು ಕೂತರು. "ಶುಗರ್ ಐತವಾ. ಹೋಗೂ ಅಂಥಾದ್ದಲ್ಲ. ಸಾಯೂತನಕ ಇನ್ಸುಲಿನ್ ಬೇಕು. ಆದ್ರ ಹುಡುಗಿ ಚಲೋ ಬೆಳೀತಾಳ, ಓದ್ತಾಳ, ಮುಂದ ನಿನಗ ಎದುರು ಮಾತಾಡ್ತಾಳ. ಅದಕ್ಕೇನೂ ಕಮ್ಮಿ ಆಗಂಗಿಲ್ಲ" ಎಂದರು. ಅವರ ಹೆಂಡತಿ ಜಯದೇವಿ ಕ್ಲಿನಿಕ್ಕಿನ ಮುಂದಿನ ಮೇಜು ನೋಡಿಕೊಳ್ಳುತ್ತಿದ್ದವರು. ಆ ದಿನ ಮೇಜು ಬಿಟ್ಟು ಎದ್ದು, ತಮ್ಮ ಕಾರಿನಲ್ಲೇ ತಾಯಿ ಮಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ವಸುಧಾಳ ಗಂಡ ಸತ್ಯ ಕಾರ್ಖಾನೆಯಿಂದ ಬರುವವರೆಗೂ ಪಕ್ಕದಲ್ಲಿ ಕೂತಿದ್ದರು.

ಆ ಋಣ ತೀರಿಸುವ ದಾರಿ ವಸುಧಾಳಿಗೆ ಒಂದೇ ಕಂಡಿತು. ಕಂಪ್ಯೂಟರ್ ವೈರಸ್ಸುಗಳನ್ನು ಬಿಚ್ಚಿ ನೋಡುವುದೇ ಅವಳ ಕೆಲಸ. ಕ್ಲಿನಿಕ್ಕಿನ ಕಂಪ್ಯೂಟರ್ ಮಂಕಾದಾಗ ತಾನೇ ಹೋಗಿ ಶುಚಿ ಮಾಡಿ ಕೊಟ್ಟಳು. ಅದಕ್ಕೆ ಮೊದಲು ಬರುತ್ತಿದ್ದ ರಿಪೇರಿಯವನು ಪ್ರತಿ ಸಲವೂ ಏನೋ ಒಂದು ಹೆದರಿಕೆ ಹುಟ್ಟಿಸಿ ಹೊಸದನ್ನು ಮಾರಿ ಹೋಗುತ್ತಿದ್ದನಂತೆ.

"ಅಲ್ಲಾ ತಂಗಿ, ಖರೆ ಹೇಳು" ಎಂದಿದ್ದರು ಜಯದೇವಿ. "ಈ ವೈರಸ್ ಬಿಡೋರೂ ನೀವ, ಔಷಧ ಮಾರೋರೂ ನೀವ ಅಂತಾರಲ್ಲ ಮಂದಿ."

ಒಳಗಿನಿಂದ ರೇವಣಪ್ಪನವರು, "ನಮಗೂ ಹಂಗ ಅಂತಾರ. ಊರಿಗೆ ಜ್ವರ ಬಂದ್ರ ಡಾಕ್ಟರಿಗೆ ಹಬ್ಬ" ಎಂದು ನಕ್ಕರು.

"ನಿಮ್ಮದು ಬ್ಯಾರೆ. ನೀವು ಜಡ್ಡು ಇಲ್ಲಂದ್ರ ಇಲ್ಲ ಅಂತ ಹೇಳಿ ಕಳಸ್ತೀರಿ" ಎಂದು ಗಂಡನಿಗೆ ಉತ್ತರಿಸಿ, ಜಯದೇವಿ ವಸುಧಾಳ ಕಡೆ ತಿರುಗಿದ್ದರು. "ನೀನೂ ಹಂಗ ಇರವಾ. ಆಗೂದಿದ್ರ ಆಗ್ತೈತಿ ಅನ್ನು, ಇಲ್ಲಂದ್ರ ಇಲ್ಲ ಅನ್ನು."

ಆಗಲೇ ಅವಳು ಆ ಮಾತು ಕೊಟ್ಟದ್ದು. ಕೊಡುವಾಗ ಅದು ಬಹಳ ಸಣ್ಣ ಮಾತು ಅನ್ನಿಸಿತ್ತು.

ಈಗ ಮೇಧಾ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಳೆ. ಸೊಂಟದಲ್ಲಿ ಇನ್ಸುಲಿನ್ ಪಂಪು. ಹೋದ ವರ್ಷದ ಕೊನೆಯಲ್ಲಿ ಸತ್ಯನ ಕಾರ್ಖಾನೆ ಎಂಜಿನಿಯರುಗಳನ್ನು ಗುಂಪುಗುಂಪಾಗಿ ಮನೆಗೆ ಕಳಿಸಿತು. ಅವನ ಸರದಿಯೂ ಬಂತು. ಅಂದಿನಿಂದ ಮನೆಯವರೆಲ್ಲರ ಆರೋಗ್ಯ ವಿಮೆ ವಸುಧಾಳ ಕೆಲಸದ ಮೇಲೆ ನಿಂತಿತ್ತು. ಸತ್ಯ ಬೆಳಿಗ್ಗೆ ಮಗಳ ಡಬ್ಬಿ ಕಟ್ಟಿ, ನಂತರ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದ. ಯಾರು ಕೇಳಿದರೂ "ಅಪ್ಲೈ ಮಾಡಿದೀನಿ" ಅನ್ನುವುದೊಂದೇ ಉತ್ತರ.

ವಸುಧಾಳ ಕಂಪನಿ ಇದ್ದದ್ದು ಚಿಕಾಗೋ ಹತ್ತಿರದ ಎಲ್ಕ್ ಗ್ರೋವ್ ವಿಲೇಜಿನಲ್ಲಿ, ವಿಮಾನಗಳು ತಲೆಯ ಮೇಲೇ ಇಳಿಯುವ ಜಾಗದಲ್ಲಿ, ಗೋದಾಮುಗಳ ಸಾಲಿನ ನಡುವೆ. ಅವಳು ಕ್ಲಿನಿಕ್ಕಿನ ಪಕ್ಕದೂರು ನೋವೈಯ ಮನೆಯಿಂದಲೇ ಕೆಲಸ ಮಾಡಿ ತಿಂಗಳಿಗೊಮ್ಮೆ ಅಲ್ಲಿಗೆ ಡ್ರೈವ್ ಮಾಡಿಕೊಂಡು ಹೋಗಿ ಬರುತ್ತಿದ್ದಳು. ಈ ವಸಂತದಲ್ಲಿ ಹೋಗುವಾಗ ಅವಳ ಬಳಿ ಒಂದು ಒಳ್ಳೆಯ ಸುದ್ದಿಯಿತ್ತು. ಜನರ ಫೈಲುಗಳಿಗೆ ಬೀಗ ಹಾಕಿ, ಬಿಚ್ಚಲು ದುಡ್ಡು ಕೇಳುವ ಒಂದು ವೈರಸ್ ಆಗ ಎಲ್ಲೆಲ್ಲೂ ಹಬ್ಬುತ್ತಿತ್ತು. ಅದನ್ನು ಮಾಡಿದ ಕಳ್ಳರು ಒಂದು ಕಡೆ ಅವಸರ ಮಾಡಿದ್ದರು: ಬೀಗದ ಕೀಲಿಯನ್ನು ಆ ಕಂಪ್ಯೂಟರಿನ ಗಡಿಯಾರ ತೋರಿಸುವ ಹೊತ್ತಿನಿಂದ ಹುಟ್ಟಿಸುತ್ತಿದ್ದರು. ಬೀಗ ಬಿದ್ದ ಹೊತ್ತು ಹೆಚ್ಚುಕಡಿಮೆ ಗೊತ್ತಾದರೆ ಸಾಕು, ಕೀಲಿಯನ್ನು ಹುಡುಕಿ ತೆಗೆಯಬಹುದು. ಅದಕ್ಕೊಂದು ಸಣ್ಣ ಪ್ರೋಗ್ರಾಂ ಬರೆದು ಅವಳು ತನ್ನ ಮೇಲಿನವನಾದ ಹರಿಯ ಮುಂದಿಟ್ಟಳು.

ಹರಿ ಬೆಂಗಳೂರಿನವನು. ಅದನ್ನು ಓಡಿಸಿ ನೋಡಿದ. ಆಮೇಲೆ ಎದ್ದು ಬಾಗಿಲು ಹಾಕಿ ಬಂದ.

"ಸೂಪರ್. ಇದು ಈ ರೂಮಲ್ಲೇ ಇರ್ಲಿ."

"ಸೈಟಲ್ಲಿ ಹಾಕಲ್ವಾ? ಬೀಗ ಬಿದ್ದಿರೋರು ಅವರವರೇ ತೆಗ್ಕೋಬಹುದು."

"ಹಾಕಿದ ದಿನಾನೇ ಕಳ್ಳರೂ ನೋಡ್ತಾರೆ. ತಪ್ಪು ಸರಿ ಮಾಡ್ಕೊತಾರೆ. ಆಮೇಲೆ ಯಾರನ್ನೂ ಉಳಿಸೋಕಾಗಲ್ಲ. ನಮ್ಮ ಹತ್ರ ಬಂದು ಸೈನ್ ಮಾಡಿದವ್ರಿಗೆ ಗುಟ್ಟಾಗಿ ತೆಗೆದುಕೊಡೋಣ. ಹೇಗೆ ತೆಗೆದ್ವಿ ಅಂತ ಹೇಳೋದು ಬೇಡ."

ಆ ವಾದದಲ್ಲಿ ಸುಳ್ಳಿರಲಿಲ್ಲ. ವಸುಧಾಳಿಗೆ ಅದು ಗೊತ್ತಿತ್ತು. ಸೈನ್ ಮಾಡಿದವರು ಕೊಡುವ ಶುಲ್ಕ ಸಣ್ಣದಲ್ಲ ಅನ್ನುವುದೂ ಗೊತ್ತಿತ್ತು. ಹೊರಗೆ ಮಾರಾಟದವರ ಗೋಡೆಯ ಮೇಲೆ ದೊಡ್ಡ ನಕ್ಷೆಯೊಂದಿತ್ತು. ಬೀಗ ಬಿದ್ದ ಊರಿನ ಮೇಲೆ ಕೆಂಪು ಚುಕ್ಕಿ ಹತ್ತಿಕೊಳ್ಳುತ್ತಿತ್ತು. ಚುಕ್ಕಿ ಹೆಚ್ಚಾದ ವಾರ ಯಾರಾದರೂ ಡೋನಟ್ ತರುತ್ತಿದ್ದರು. ಆ ದಿನವೂ ಡೋನಟ್ ಇತ್ತು.

"ಹಂಗೆ ನೋಡ್ಬೇಡಿ" ಎಂದ ಹರಿ. "ಕೊಡೆ ಮಾರೋನು ಮಳೆ ತರ್ಸಲ್ಲ."

"ಮಳೆ ನಿಲ್ಲಲಿ ಅಂತ ಹರಕೇನೂ ಹೊರಲ್ಲ" ಎಂದಳು ವಸುಧಾ.

ಹರಿ ಮನಸ್ಸು ಬಿಚ್ಚಿ ನಕ್ಕ. ಅವಳೂ ನಕ್ಕಳು. ವಾಪಸ್ಸು ಬರುವಾಗ ಮಿಶಿಗನ್ ಗಡಿ ದಾಟುವವರೆಗೂ ರೇಡಿಯೋ ಹಾಕಲಿಲ್ಲ.

ಮೇ ತಿಂಗಳಲ್ಲಿ ಒಂದು ಸೋಮವಾರ ಜಯದೇವಿಯ ಫೋನ್ ಬಂತು.

"ತಂಗಿ, ಎಲ್ಲಿದ್ದಿ? ನಮ್ಮ ಕಂಪ್ಯೂಟರಿನ್ಯಾಗ ಒಂದೂ ತೆರೀವಲ್ದು. ಇಂಗ್ಲಿಷಿನ್ಯಾಗ ಏನೋ ಬೆದರಿಕೆ ಬರದೈತಿ."

ವಸುಧಾ ಹೋದಾಗ ಕ್ಲಿನಿಕ್ಕಿನಲ್ಲಿ ಮಕ್ಕಳ ಗಲಾಟೆಯಿರಲಿಲ್ಲ. ಬಂದವರನ್ನೆಲ್ಲ ವಾಪಸ್ಸು ಕಳಿಸಿದ್ದರು. ಪರದೆಯ ಮೇಲಿನ ಒಕ್ಕಣೆ ನೋಡಿದ ತಕ್ಷಣ ಅವಳಿಗೆ ತಿಳಿಯಿತು. ಅದೇ ವೈರಸ್. ಲಸಿಕೆಯ ದಾಖಲೆ, ಅಲರ್ಜಿಯ ವಿವರ, ಬೆಳವಣಿಗೆಯ ನಕ್ಷೆ, ಎಲ್ಲಕ್ಕೂ ಬೀಗ. ಬ್ಯಾಕಪ್ ಪ್ರತಿ ಎಂದು ಇಟ್ಟಿದ್ದ ಡಿಸ್ಕನ್ನು ಯಾವಾಗಲೂ ಕಂಪ್ಯೂಟರಿಗೆ ಚುಚ್ಚಿಯೇ ಇಟ್ಟಿದ್ದರಿಂದ ಅದಕ್ಕೂ ಬೀಗ.

"ಏನನ್ನ ತೆರೆದ್ರಿ ಅಕ್ಕ?"

ಜಯದೇವಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡರು. "ಈರೇಶನ ಲಗ್ನಪತ್ರಿಕಿ."

ಈರೇಶ್ ಬಾಗಲಕೋಟೆಯ ಅವರ ಅಣ್ಣನ ಮಗ. ತಾಯಿಯಿಲ್ಲದ ಹುಡುಗ. ಜಯದೇವಿ ಅಮೆರಿಕಕ್ಕೆ ಬರುವ ಮೊದಲು ಅವರ ಕೈಯಲ್ಲೇ ಬೆಳೆದವನು. ಮುಂದಿನ ವಾರ ಅವನ ಮದುವೆ. ಶುಕ್ರವಾರ ಜಯದೇವಿಯ ವಿಮಾನ. ಅವರ ಮನೆತನದಲ್ಲಿ ಮದುಮಗನಿಗೆ ಮೊದಲ ಅರಿಷಿಣ ಹಚ್ಚುವವಳು ಸೋದರತ್ತೆ. ಅವಳು ಮುಟ್ಟದೆ ಬೇರೆ ಯಾರೂ ಬಟ್ಟಲಿಗೆ ಕೈ ಹಾಕುವಂತಿಲ್ಲ.

"ಅಣ್ಣನ ಈಮೇಲಿಂದಾನ ಬಂದಿತ್ತು. ಅಣ್ಣನ ಹೆಸರ ಇತ್ತು. ಮೊದಲನೇ ಪತ್ರಿಕಿ ದೇವರ ಮುಂದ ಇಡಬೇಕಲ್ಲ? ಫೋನಿನ್ಯಾಗ ತೋರಿಸಿದ್ರ ಬಸವಣ್ಣಗ ಕಾಣ್ತೈತೇನು? ಮನ್ಯಾಗ ಪ್ರಿಂಟರ್ ಕೆಟ್ಟೈತಿ. ಇಲ್ಲಿ ಬಣ್ಣದ್ದು ಚಲೋ ಬರ್ತೈತಿ ಅಂತ..."

ಕಳ್ಳರು ಮೊದಲು ಅಣ್ಣನ ಈಮೇಲಿಗೆ ನುಗ್ಗಿ, ಅಲ್ಲಿಂದ ನೆಂಟರಿಗೆಲ್ಲ ಪತ್ರಿಕೆಯ ವೇಷದಲ್ಲಿ ವೈರಸ್ ಹಂಚಿದ್ದರು. ಊರಿನಲ್ಲಿ ಉಳಿದವರು ಅದನ್ನು ಫೋನಿನಲ್ಲಿ ಒತ್ತಿ, ತೆರೆಯದಿದ್ದಾಗ ಬಿಟ್ಟಿದ್ದರು. ದೇವರ ಮುಂದಿಡಲು ಕಾಗದವೇ ಬೇಕು ಎಂದು ಹಟ ಹಿಡಿದು ಅದನ್ನು ಕಂಪ್ಯೂಟರಿಗೆ ತಂದವರು ಜಯದೇವಿ ಒಬ್ಬರೇ.

"ಎಷ್ಟು ಹೊತ್ತಿಗೆ ತೆರೆದ್ರಿ?" ವಸುಧಾ ಕೇಳಿಬಿಟ್ಟಳು. ಅದು ಅವಳ ಕೆಲಸದ ರೂಢಿ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ಮುಂಜಾನೆ ಬಾಗಲಾ ತೆರೆದ ಕೂಡಲೆ. ಇನ್ನೂ ಕಾಫಿ ಸೈತ ಇಟ್ಟಿದ್ದಿಲ್ಲ. ಎಂಟಕ್ಕ ಇನ್ನೂ ಐದು ನಿಮಿಷ ಇತ್ತು. ಯಾಕ?"

"ಏನಿಲ್ಲ, ಸುಮ್ನೆ."

ಬೀಗ ಬಿಚ್ಚುವ ಪ್ರೋಗ್ರಾಂ ಅವಳ ಲ್ಯಾಪ್‌ಟಾಪಿನಲ್ಲಿತ್ತು. ಲ್ಯಾಪ್‌ಟಾಪ್ ಅವಳ ಚೀಲದಲ್ಲಿತ್ತು. ಚೀಲ ಅವಳ ಕಾಲಿಗೇ ತಾಗಿಕೊಂಡಿತ್ತು. ಒಂದು ಸಂಜೆಯ ಕೆಲಸ.

ಹೊರಗೆ ಕಾರಿನಲ್ಲಿ ಕೂತು ಹರಿಗೆ ಫೋನ್ ಮಾಡಿದಳು. ಅವರು ಯಾರು, ತನಗೆ ಏನಾಗಬೇಕು, ಮೇಧಾಳಿಗೆ ಏನು ಮಾಡಿದ್ದಾರೆ, ಎಲ್ಲ ಹೇಳಿದಳು.

"ಅಯ್ಯೋ ಪಾಪ" ಎಂದ ಹರಿ. ಅವನ ದನಿಯಲ್ಲಿ ನಿಜವಾಗಿಯೂ ಮರುಕವಿತ್ತು. "ಸೇಲ್ಸ್‌ನಿಂದ ಅನುಜ್‌ನ ಕಳಿಸ್ತೀನಿ. ಡಿಸ್ಕೌಂಟ್ ಕೊಡ್ಸೋಣ."

"ಅಗ್ರಿಮೆಂಟು, ಲಾಯರು, ವಿಮೆಯವರು ಅಂತ ಎರಡು ವಾರ ಆಗತ್ತೆ ಹರಿ. ಅವ್ರು ಶುಕ್ರವಾರ ಫ್ಲೈಟ್ ಹತ್ಬೇಕು. ಅವ್ರಿಲ್ದೆ ಆ ಕ್ಲಿನಿಕ್ ನಡೆಯಲ್ಲ. ನಾನೇ ಇವತ್ತು ತೆಗೆದುಕೊಟ್ಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ."

"ವಸುಧಾ." ಎಂದ ಹರಿ. "ನಮ್ಮ ಕಂಪನಿ ಕೊಳ್ಳೋಕೆ ಬಂದಿರೋರು ಈ ಟೂಲ್ ನೋಡಿನೇ ಬಂದಿರೋದು. ಅದು ಯಾರ ಮಷೀನಲ್ಲಿ ಯಾವಾಗ ಓಡ್ತು ಅನ್ನೋದೆಲ್ಲ ದಾಖಲಾಗತ್ತೆ. ನಿಮ್ಮನ್ನ ಉಳಿಸ್ಕೊಳೋಕೆ ನನ್ನ ಕೈಲಾಗಲ್ಲ. ಸತ್ಯಂಗೆ ಕೆಲ್ಸ ಸಿಕ್ತಾ?"

ಅವನು ಅದನ್ನು ಬೆದರಿಕೆಯಾಗಿ ಕೇಳಿರಲಿಲ್ಲ. ಆದರೂ ವಸುಧಾ ಫೋನ್ ಇಟ್ಟುಬಿಟ್ಟಳು.

ಒಳಗೆ ಹೋದಾಗ ಗಂಡಹೆಂಡಿರಿಬ್ಬರೂ ಅವಳ ಮುಖವನ್ನೇ ನೋಡಿದರು. ಹಿಂದೊಮ್ಮೆ ಇದೇ ಕೋಣೆಯಲ್ಲಿ ಅವಳು ರೇವಣಪ್ಪನವರ ಮುಖವನ್ನು ಹಾಗೆ ನೋಡಿದ್ದಳು.

"ಆಗ್ತೈತೇನವಾ?" ಎಂದರು ಜಯದೇವಿ.

ಆಗುತ್ತದೆ, ಆದರೆ ಕೊಡುವ ಹಾಗಿಲ್ಲ. ಹೇಳಬೇಕಾದದ್ದು ಅಷ್ಟೇ. ಆ ಮಾತು ಹೇಳಿದರೆ ಜಯದೇವಿ ಮುಂದೆ ಏನನ್ನುತ್ತಾರೆ ಎಂದು ಯೋಚಿಸಿ ಅವಳಿಗೆ ಹೆದರಿಕೆಯಾಯಿತು. ಬೇಡಿಕೊಂಡರೆ? ಬೇಡಿಕೊಳ್ಳದೆ ಸುಮ್ಮನೆ ತಲೆಯಾಡಿಸಿದರೆ?

"ನನ್ನ ಹತ್ರ ಇದಕ್ಕೆ ಏನೂ ಇಲ್ಲ ಅಕ್ಕ" ಎಂದಳು. "ಕಂಪನಿಯವ್ರನ್ನ ಕರೆಸ್ತೀನಿ. ಅವ್ರ ಹತ್ರ ದೊಡ್ಡ ಮಷೀನುಗಳಿವೆ, ಪ್ರಯತ್ನ ಮಾಡ್ತಾರೆ."

"ಇಲ್ಲಂದ್ರ ಇಲ್ಲ. ನೀ ಏನ್ ಮಾಡ್ತಿ ಅದಕ್ಕ" ಎಂದರು ಜಯದೇವಿ, ಅವಳ ಬೆನ್ನ ಮೇಲೆ ಕೈಯಿಟ್ಟು. "ಮುಖ ಯಾಕ ಸಣ್ಣ ಮಾಡೀದಿ? ತೆರೆದಾಕಿ ನಾನು."

ಅನುಜ್ ಎರಡು ದಿನ ಬಿಟ್ಟು ಬಂದ. ಇಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗ, ಚಂದದ ನಗು. ಜಯದೇವಿಯನ್ನು ಆಂಟಿ ಎಂದು ಕರೆದು, ಅವರು ಕೊಟ್ಟ ಚುರುಮುರಿ ಎರಡು ಸಲ ಹಾಕಿಸಿಕೊಂಡು ತಿಂದ. ಅಗ್ರಿಮೆಂಟಿಗೆ ಎಲ್ಲೆಲ್ಲಿ ಸಹಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದ. ಕ್ಲಿನಿಕ್ಕಿನ ವಿಮೆಯವರು ಪ್ರಶ್ನೆ ಕಳಿಸಿದರು, ಲಾಯರು ಉತ್ತರ ಕಳಿಸಿದರು. ಶುಕ್ರವಾರ ಬಂತು. ಜಯದೇವಿ ಟಿಕೆಟ್ ರದ್ದು ಮಾಡಿದರು. ರೇವಣಪ್ಪನವರು ಹೋಗು ಎಂದೇ ಹೇಳಿದರು. "ನೀವು ಒಬ್ಬರ ಕೈಲೆ ಏನ್ ಮಾಡ್ತೀರಿ, ಒಂದು ಕೂಸಿನ ಹೆಸರು ನಿಮಗ ನೆನಪಿರಂಗಿಲ್ಲ" ಎಂದು ಜಯದೇವಿ ಅವರನ್ನೇ ಬೈದು, ಹೆತ್ತವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಮಕ್ಕಳ ಅಲರ್ಜಿ, ಔಷಧಿಗಳನ್ನು ಕೇಳಿ ಬರೆದುಕೊಳ್ಳತೊಡಗಿದರು.

ಮದುವೆಯ ದಿನ ಬಾಗಲಕೋಟೆಯಲ್ಲಿ ಈರೇಶನ ಮುಂದೆ ಯಾರೋ ಫೋನ್ ಹಿಡಿದರು. ಜಯದೇವಿ ಇಲ್ಲಿಂದ, ಕ್ಲಿನಿಕ್ಕಿನ ಮೇಜಿನಿಂದಲೇ, ಗಾಳಿಯಲ್ಲಿ ಕೈಯಾಡಿಸಿ ಅರಿಷಿಣ ಹಚ್ಚಿದಂತೆ ಮಾಡಿದರು. ಅಲ್ಲಿ ಒಬ್ಬ ದೂರದ ಅತ್ತೆ ಬಟ್ಟಲಿಗೆ ಕೈ ಹಾಕಿದಳು. ಅಂದು ಪಟ್ಟಿಗಳನ್ನು ಟೈಪು ಮಾಡಲು ಬಂದಿದ್ದ ವಸುಧಾ ಪಕ್ಕದ ಕುರ್ಚಿಯಲ್ಲೇ ಇದ್ದಳು. ಟೈಪು ಮಾಡುವುದನ್ನು ನಿಲ್ಲಿಸಲಿಲ್ಲ.

ಅದಾದ ಮೂರನೇ ದಿನ ಕಂಪನಿ ಬೀಗ ಬಿಚ್ಚಿಕೊಟ್ಟಿತು. ಒಂದು ಫೈಲೂ ಹಾಳಾಗಿರಲಿಲ್ಲ. ರೇವಣಪ್ಪನವರು ಹರಿಗೆ ಕೃತಜ್ಞತೆಯ ಈಮೇಲ್ ಬರೆದು, ಅದರಲ್ಲಿ ವಸುಧಾಳ ಹೆಸರನ್ನು ಎರಡು ಸಲ ಬರೆದಿದ್ದರು. ಮಾರಾಟದವರು ಅದರ ಕೆಲವು ಸಾಲುಗಳನ್ನು ಎತ್ತಿ ಕಂಪನಿಯ ಸೈಟಿನಲ್ಲಿ ಹಾಕಿಕೊಂಡರು.

ಮುಚ್ಚಿಟ್ಟದ್ದರಿಂದ ಬೇರೆಯವರಾದರೂ ಉಳಿಯುತ್ತಿದ್ದಾರೆ ಎಂದು ವಸುಧಾ ಬೇಸಿಗೆಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು. ಸೆಪ್ಟೆಂಬರಿನಲ್ಲಿ ಅದೂ ಹೋಯಿತು. ಡೆಟ್ರಾಯಿಟ್ ನದಿಯ ದಂಡೆಯಲ್ಲಿ ನಡೆದ ಒಂದು ಸಮ್ಮೇಳನದಲ್ಲಿ ಹರಿ ವೇದಿಕೆ ಹತ್ತಿ, ಕಂಪನಿ ಮಾರಾಟವಾದ ಸುದ್ದಿಯ ಜೊತೆಯಲ್ಲೇ ಬೀಗದ ಗುಟ್ಟನ್ನು ಚಿತ್ರ ಸಮೇತ ಬಿಡಿಸಿ ಹೇಳಿದ. ಕೊಂಡವರಿಗೆ ಹೆಸರು ಬೇಕಿತ್ತು. ಟೂಲನ್ನು ಎಲ್ಲರಿಗೂ ಪುಕ್ಕಟೆ ಕೊಟ್ಟರು. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ವಾರ ಕಳೆಯುವುದರೊಳಗೆ ಕಳ್ಳರು ತಪ್ಪು ತಿದ್ದಿಕೊಂಡರು. ಎಲ್ಕ್ ಗ್ರೋವಿನ ನಕ್ಷೆಯಲ್ಲಿ ಮತ್ತೆ ಕೆಂಪು ಚುಕ್ಕಿಗಳು ಎದ್ದವು. ಈ ಸಲದ ಬೀಗಕ್ಕೆ ಯಾರ ಹತ್ತಿರವೂ ಕೀಲಿಯಿರಲಿಲ್ಲ.

"ಕಳ್ಳರಿಗೆ ಗೊತ್ತಾಗ್ಬಾರ್ದು ಅಂತಿದ್ರಿ" ಎಂದು ವಸುಧಾ ಫೋನಿನಲ್ಲಿ ಕೇಳಿದಳು.

"ಯಾವತ್ತಾದ್ರೂ ಹೇಳ್ಲೇಬೇಕಿತ್ತಲ್ಲ" ಎಂದ ಹರಿ. "ನಾವೇನು ವೈರಸ್ ಬರೆದ್ವಾ?"

ಇಲ್ಲ, ಬರೆದಿರಲಿಲ್ಲ.

ಅಕ್ಟೋಬರಿನ ಒಂದು ಭಾನುವಾರ ಜಯದೇವಿ ನೋವೈಯ ಮನೆಗೆ ಬಂದರು. ಬಾಲಾಜಿ ಗುಡಿಗೆ ಬಂದಿದ್ದೆ, ಹಾಗೇ ಬಂದೆ ಎಂದರು. ಊರಿನಿಂದ ಯಾರೋ ತಂದುಕೊಟ್ಟ ಮದುವೆಯ ಕುಪ್ಪಸದ ಖಣ, ಕರದಂಟು ಕೈಯಲ್ಲಿತ್ತು. ಮೇಧಾ ಕರದಂಟಿನ ತುಂಡೊಂದನ್ನು ಕೈಯಲ್ಲಿ ತೂಗಿ ನೋಡಿ, ಸಿಹಿಗೆ ತಕ್ಕಂತೆ ಪಂಪಿನ ಗುಂಡಿ ಒತ್ತಿ, "ಥ್ಯಾಂಕ್ಸ್ ಆಂಟಿ, ದಿಸ್ ಈಸ್ ಸೋ ಗುಡ್" ಎಂದು ಮಹಡಿ ಹತ್ತಿದಳು. ಸತ್ಯ ಚಹಾ ಇಡಲು ಒಳಗೆ ಹೋದ.

"ಈರೇಶ ಒಂದು ಸುದ್ದಿ ಕಳಿಸಿದ್ದ" ಎಂದರು ಜಯದೇವಿ. "ಪಾಪ, ತನ್ನ ಪತ್ರಿಕಿಲೆ ಹಿಂಗಾತು ಅಂತ ಅವಗ ಕೆಟ್ಟ ಅನಿಸೈತಿ. ಇದರ ಬಗ್ಗೆ ಏನ ಬಂದ್ರೂ ನನಗ ಕಳಸ್ತಾನ. ನಿಮ್ಮ ಕಂಪನೀದು. ಬೀಗ ಬಿದ್ದ ಹೊತ್ತು ಗೊತ್ತಾದ್ರ ಕೀಲಿ ಸಿಗ್ತೈತಿ ಅಂತ ಬರದಾರ. ವಸಂತದಾಗ ಕಂಡು ಹಿಡಿದದ್ದಂತ."

ವಸುಧಾ ಖಣದ ಮಡಿಕೆಯನ್ನು ಸರಿಮಾಡುತ್ತಿದ್ದಳು.

"ನೀ ಅವತ್ತ ಕೇಳಿದ್ಯಲ್ಲ, ಎಷ್ಟು ಹೊತ್ತಿಗೆ ತೆರೆದ್ರಿ ಅಂತ. ನಾ ಎಂಟಕ್ಕ ಐದು ನಿಮಿಷ ಇತ್ತು ಅಂದೆ." ಅವರ ದನಿ ಏರಲಿಲ್ಲ. "ಆಗ ನಿನ್ನ ಹಂತ್ಯಾಕ ಇತ್ತೇನು?"

"ಇತ್ತು ಅಕ್ಕ. ಬ್ಯಾಗಲ್ಲೇ ಇತ್ತು. ನಾನೇ ಬರೆದದ್ದು."

ಜಯದೇವಿ ತಲೆಯಾಡಿಸಿದರು. ಕಿಟಕಿಯಾಚೆ ನೋಡಿದರು. ಪಕ್ಕದ ಮನೆಯವನು ಯಂತ್ರದಿಂದ ಎಲೆ ಊದುತ್ತಿದ್ದ, ಗಾಳಿ ಅವನ್ನು ಮತ್ತೆ ಅವನ ಹುಲ್ಲಿಗೇ ತರುತ್ತಿತ್ತು.

"ಕೆಲಸ ಹೋಗ್ತಿತ್ತು" ಎಂದಳು ವಸುಧಾ. "ಸತ್ಯಂಗೂ ಇಲ್ಲ. ಇವಳ ಇನ್ಸುಲಿನ್, ಪಂಪು..."

"ಅದು ನನಗ ಗೊತ್ತಿಲ್ಲೇನು? ಇನ್ಸುಲಿನ್ ಇಲ್ಲಂದ್ರ ಏನಾಗ್ತೈತಿ ಅಂತ ನಮ್ಮ ಮನ್ಯಾಗ ಹೇಳಿ ಕೊಡಬೇಕೇನು? 'ಅಕ್ಕಾ, ಐತಿ, ಆದ್ರ ಕೊಟ್ರ ನನ್ನ ನೌಕರಿ ಹೋಗ್ತೈತಿ' ಅಂದಿದ್ರ ನಾನ ಬ್ಯಾಡ ಅಂತಿದ್ದೆ. ಆಣಿ ಮಾಡಿ ಬ್ಯಾಡ ಅಂತಿದ್ದೆ. ಮದವಿಗೆ ಹೋಗದಿದ್ರೂ, ನಾ ಬಿಟ್ಟಕೊಟ್ಟೆ ಅಂತ ಸಮಾಧಾನರ ಇರ್ತಿತ್ತು. ನೀ ಅದನ್ನೂ ನನಗ ಕೊಡಲಿಲ್ಲ."

ಸತ್ಯ ಚಹಾ ತಂದಿಟ್ಟ. ಜಯದೇವಿ ಅವನ ಕೆಲಸದ ಬಗ್ಗೆ ಕೇಳಿದರು. ಎರಡು ಕಡೆ ಇಂಟರ್‌ವ್ಯೂ ಆಗಿದೆ ಎಂದ. ಆಗ್ತೈತಿ ಬಿಡು ಎಂದು ಚಹಾ ಮುಗಿಸಿ, ಲೋಟವನ್ನು ತಾವೇ ಸಿಂಕಿಗೆ ಇಟ್ಟು, ಕೋಟು ಹಾಕಿಕೊಂಡರು. ಹೊಸ್ತಿಲಲ್ಲಿ ವಸುಧಾ ಕಾಲಿಗೆ ನಮಸ್ಕರಿಸಲು ಬಗ್ಗಿದಾಗ ತಡೆಯಲಿಲ್ಲ, ಎಂದಿನಂತೆ ಬೆನ್ನ ಮೇಲೆ ಕೈಯನ್ನೂ ಇಡಲಿಲ್ಲ. ಕಾರು ಹಿಂದೆ ತೆಗೆದುಕೊಂಡು ನಿಧಾನವಾಗಿ ಹೋದರು.

ಕ್ಲಿನಿಕ್ಕಿನ ಕಂಪ್ಯೂಟರುಗಳನ್ನು ಈಗ ಬೇರೊಬ್ಬರು ನೋಡಿಕೊಳ್ಳುತ್ತಾರೆ. ವಸುಧಾಳ ಕೆಲಸ ಉಳಿಯಿತು, ವಿಮೆಯೂ ಉಳಿಯಿತು. ಜಯದೇವಿಗೆ ಕೊಟ್ಟ ಮಾತನ್ನು ಅವಳು ಉಳಿಸಿಕೊಳ್ಳಲಿಲ್ಲ.